ಡ್ರೈ ಹಾಪಿಂಗ್ ಯಾವಾಗ ಮಾಡಬೇಕು, ಎಷ್ಟು ದಿನ ಬಿಡಬೇಕು?

ಪೆರ್ಲದ ಹುಡುಗ

ಎಲ್ಲರಿಗೂ ನಮಸ್ಕಾರ. ಊರು ಪೆರ್ಲ, ಈಗ ಇರುವುದು ಬ್ರಿಸ್ಬೇನಿನಲ್ಲಿ. ಇಲ್ಲಿ ಸ್ವಂತಕ್ಕೆ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಲೈಸೆನ್ಸ್ ಬೇಡ, ಭಟ್ಟಿ ಇಳಿಸಬಾರದು ಅಷ್ಟೇ. ನಮ್ಮ ಗಡಿನಾಡಿನ ಈ ಗುಂಪಿನಲ್ಲಿ ಬ್ರೂವರಿಯಲ್ಲಿ ಕೆಲಸ ಮಾಡುವವರಿದ್ದಾರೆ ಅಂತ ಗೊತ್ತಾಯಿತು, ಅದಕ್ಕೆ ಇಲ್ಲೇ ಕೇಳುತ್ತಿದ್ದೇನೆ.

20 ಲೀಟರ್ ಪೇಲ್ ಏಲ್ (ತಿಳಿ ಬಣ್ಣದ ಒಂದು ಬಗೆಯ ಬಿಯರ್) ಹಾಕಿದ್ದೇನೆ. ಶುರುವಿನಲ್ಲಿ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಸಕ್ಕರೆ ಹುದುಗಿದಂತೆ ಇಳಿಯುತ್ತದೆ) 1.052 ಇತ್ತು, ಇವತ್ತು 1.018. ಹಳೇ ಫ್ರಿಜ್‌ಗೆ ಕಂಟ್ರೋಲರ್ ಕೂರಿಸಿ 19 ಡಿಗ್ರಿಯಲ್ಲಿ ಇಟ್ಟಿದ್ದೇನೆ. ಹೊರಗೆ 31 ಡಿಗ್ರಿ, ನಮ್ಮ ಕುಂಬಳೆಯ ಮೇ ತಿಂಗಳ ಸೆಕೆಯೇ. ಡ್ರೈ ಹಾಪ್‌ಗೆ ಅಂತ, ಅಂದರೆ ಕುದಿಸದೆ ಬಕೆಟ್‌ನಲ್ಲಿರುವ ಬಿಯರ್‌ಗೇ ಹಾಕುವುದಕ್ಕೆ, ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಬಳ್ಳಿಯ ಹೂವು) ತಂದಿದ್ದೇನೆ: ಸಿಟ್ರಾ ತಳಿ 60 ಗ್ರಾಂ, ಮೊಸಾಯಿಕ್ ತಳಿ 40 ಗ್ರಾಂ. ಎರಡೂ ಪೆಲೆಟ್.

ಒಂದು ರೆಸಿಪಿಯಲ್ಲಿ 7 ದಿನ ಅಂತಿದೆ, ಇನ್ನೊಂದರಲ್ಲಿ 14 ದಿನ. 2 ದಿನ ಸಾಕು ಅನ್ನುವವರೂ ಇದ್ದಾರೆ. ಯಾರ ಮಾತು ಹಿಡಿಯುವುದು? ಈಗಲೇ ಹಾಕಬೇಕಾ, ಪೂರ್ತಿ ಹುದುಗಿ ಮುಗಿದ ಮೇಲಾ? ಬಟ್ಟೆ ಚೀಲದಲ್ಲಿ ಕಟ್ಟಬೇಕಾ, ಸುಮ್ನೆ ಸುರಿಯಬಹುದಾ? ನನ್ನ ಹತ್ತಿರ ಕೆಗ್ (ಬಿಯರ್ ತುಂಬಿಡುವ ಲೋಹದ ಪೀಪಾಯಿ) ಇಲ್ಲ. ಬಾಟಲಿಗೇ ತುಂಬಿಸುವುದು.

ನಿರ್ವಾಹಕ

ಚರ್ಚೆ ಮುಂದುವರಿಯಲಿ. ಊರಲ್ಲಿರುವವರಿಗೆ ಮಾತ್ರ ಒಂದು ಮಾತು. ಕೇರಳದಲ್ಲಿ ಅಬ್ಕಾರಿ ಕಾಯ್ದೆ ಇದೆ, ತಮಿಳುನಾಡಿನಲ್ಲಿ 1937ರ ಪಾನನಿಷೇಧ ಕಾಯ್ದೆ, ಮಹಾರಾಷ್ಟ್ರದಲ್ಲಿ 1949ರದ್ದು. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡಿದರೆ ಕೇಸು ಬೀಳುತ್ತದೆ. ಪರದೇಶದಲ್ಲಿ ಇರುವವರು, ಲೈಸೆನ್ಸ್ ಇರುವ ಜಾಗದಲ್ಲಿ ಕೆಲಸ ಮಾಡುವವರು ಧಾರಾಳವಾಗಿ ಮಾತಾಡಿ.

ಹೊಸೂರು ಬ್ರೂವರ್

ತಮ್ಮ, ಇವತ್ತು ಹಾಕಬೇಡ. 1.018 ಅಂದರೆ ಯೀಸ್ಟ್ ಇನ್ನೂ ಕೆಲಸ ಮಾಡುತ್ತಿದೆ.

ನಾನು ಹೊಸೂರಿನವನು. ದಿನಾ ಅತ್ತಿಬೆಲೆ ದಾಟಿ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಗೆ ಕೆಲಸಕ್ಕೆ ಹೋಗಿಬರುತ್ತೇನೆ. ಹಾಪ್ಸ್ ಬಗ್ಗೆ ಯಾರು ಕೇಳಿದರೂ ಖುಷಿಯಾಗುತ್ತದೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಹಾಪ್ಸ್ ಹೂವಿನ ಎಸಳಿನ ಬುಡದಲ್ಲಿ ಹಳದಿ ಪುಡಿ ಇರುತ್ತದೆ, ಅದಕ್ಕೆ ಲುಪುಲಿನ್ ಅಂತಾರೆ. ಕಹಿ ಕೊಡುವ ಆಲ್ಫಾ ಆಮ್ಲ ಇರುವುದು ಅದರಲ್ಲೇ, ಘಮದ ಎಣ್ಣೆ ಇರುವುದೂ ಅದರಲ್ಲೇ. ಕಹಿ ಬೇಕಿದ್ದರೆ ಕುದಿಸಲೇಬೇಕು. ಘಮ ಬೇಕಿದ್ದರೆ ಕುದಿಸಬಾರದು, ಎಣ್ಣೆ ಎಲ್ಲ ಹಬೆಯ ಜತೆ ಹೋಗಿಬಿಡುತ್ತದೆ. ಸಾರು ಒಲೆಯಿಂದ ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಹಾಕುವ ಹಾಗೆಯೇ ಡ್ರೈ ಹಾಪಿಂಗ್ ಕೂಡ.

ಈಗ ದಿನದ ಲೆಕ್ಕ. ಹಿಂದೆ ಇಂಗ್ಲೆಂಡಿನಲ್ಲಿ ಇಡೀ ಹೂವನ್ನೇ ಪೀಪಾಯಿಗೆ ಹಾಕಿ ತಂಪು ನೆಲಮಾಳಿಗೆಯಲ್ಲಿ ವಾರಗಟ್ಟಲೆ ಬಿಡುತ್ತಿದ್ದರು. ಪೆಲೆಟ್ ಬೇರೆಯೇ ಸರಕು. ಅದು ಪುಡಿ ಮಾಡಿ ಒತ್ತಿದ್ದು, ಲುಪುಲಿನ್ ಚೀಲಗಳು ಆಗಲೇ ಒಡೆದಿರುತ್ತವೆ. ಅಮೆರಿಕದ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ 2012ರಲ್ಲಿ ಪೀಟರ್ ವುಲ್ಫ್ ಅನ್ನುವವರು ಇದನ್ನು ಅಳೆದು ನೋಡಿದರು. ಪೆಲೆಟ್‌ನ ಘಮ ಬಹುಪಾಲು ಒಂದು ದಿನದೊಳಗೇ ಬಿಯರ್‌ಗೆ ಇಳಿದುಬಿಡುತ್ತದೆ. ಕಲಕುತ್ತಿದ್ದರೆ ಕೆಲವೇ ಗಂಟೆ ಸಾಕು. ಆಮೇಲೂ ಬಿಟ್ಟರೆ ಇಳಿಯುವುದು ಒಗರು, ಹಸಿ ಹುಲ್ಲಿನ ವಾಸನೆ. 14 ದಿನ ಬಿಟ್ಟು ಏನೂ ಲಾಭ ಇಲ್ಲ.

ಪ್ರಮಾಣ ಸರಿಯಾಗಿದೆ. 100 ಗ್ರಾಂ ಅಂದರೆ ಲೀಟರಿಗೆ 5 ಗ್ರಾಂ. ಅದೇ ಯೂನಿವರ್ಸಿಟಿಯವರು 2018ರಲ್ಲಿ ಕ್ಯಾಸ್ಕೇಡ್ ಹಾಪ್ಸ್ ಇಟ್ಟುಕೊಂಡು ನೋಡಿದಾಗ ಲೀಟರಿಗೆ 4ರಿಂದ 8 ಗ್ರಾಂ ಒಳ್ಳೆಯ ಹದ ಅಂತ ಕಂಡುಬಂತು. 8 ದಾಟಿದರೆ ಹಣ್ಣಿನ ಘಮ ಅಷ್ಟೇನೂ ಏರುವುದಿಲ್ಲ, ಸೊಪ್ಪಿನ ವಾಸನೆ ಏರುತ್ತದೆ. ದುಡ್ಡು ದಂಡ.

ಅಕ್ಕಲಕೋಟೆಯಿಂದ

ಹೊಸೂರು ಅಣ್ಣಾರ ಮಾತಿಗೆ ನನ್ನದೊಂದು ತಕರಾರು ಅದ. ನಾನು ಅಕ್ಕಲಕೋಟೆಯವನು, ಪುಣೆಯಲ್ಲಿ ಬ್ರೂಪಬ್ ಕೆಲಸ. ನಾನಾಗಿದ್ದರೆ ಈಗಲೇ ಹಾಕು ಅಂತಿದ್ದೆ ನೋಡ್ರಿ.

ಕಾರಣ ಗಾಳಿ. ಬ್ರೂವರಿಯಲ್ಲಿ ನಮಗೆ ಟ್ಯಾಂಕ್ ಐತಿ, ಮೇಲಿಂದ ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಂಡು ಹಾಪ್ಸ್ ಹಾಕುತ್ತೇವೆ. ಮನೆಯಲ್ಲಿ ಬಕೆಟ್ ಮುಚ್ಚಳ ತೆಗೆದರೆ ಗಾಳಿ ಒಳಗೆ ಹೋಗುವುದೇ. ಹುದುಗು ಮುಗಿದ ಮೇಲೆ ಹೋದ ಆಕ್ಸಿಜನ್ ಅಲ್ಲೇ ಉಳಿಯುತ್ತದೆ. ಹಾಪ್ಸ್ ಜಾಸ್ತಿ ಇರುವ ಬಿಯರ್‌ಗೆ ಅದು ವಿಷ. ಬಣ್ಣ ಕಂದು ತಿರುಗುತ್ತದೆ, ಘಮ ಹೋಗುತ್ತದೆ, ಕುಡಿದರೆ ಒದ್ದೆ ರಟ್ಟಿನ ರುಚಿ. ಯೀಸ್ಟ್ ಇನ್ನೂ ಚುರುಕಾಗಿದ್ದಾಗ ಹಾಕಿದರೆ ಆ ಆಕ್ಸಿಜನ್ ಅದೇ ತಿಂದುಬಿಡುತ್ತದೆ.

ಇನ್ನೊಂದು, ಯೀಸ್ಟ್ ಇದ್ದಾಗ ಹಾಪ್ಸ್‌ನ ಎಣ್ಣೆ ಬದಲಾಗುತ್ತದೆ. ಗುಲಾಬಿ ಘಮದ ಜೆರಾನಿಯಾಲ್ ಹೋಗಿ ನಿಂಬೆ ಛಾಯೆಯ ಸಿಟ್ರೊನೆಲಾಲ್ ಆಗುತ್ತದೆ. ಮಬ್ಬು ಐಪಿಎ (ಹಾಪ್ಸ್ ಜಾಸ್ತಿ ಹಾಕುವ ಇಂಡಿಯಾ ಪೇಲ್ ಏಲ್) ಮಾಡುವವರು ಇದಕ್ಕೇ ಬಯೋಟ್ರಾನ್ಸ್‌ಫಾರ್ಮೇಶನ್ ಅಂತ ಹೇಳಿ ನಡುವೆಯೇ ಹಾಪ್ಸ್ ಹಾಕುವುದು.

ಹೊಸೂರು ಬ್ರೂವರ್

ಗಾಳಿಯ ಮಾತು ನೂರಕ್ಕೆ ನೂರು ಒಪ್ಪಿದೆ ಅಣ್ಣ. ಆದರೆ ಈಗಲೇ ಹಾಕಿದರೆ ಇನ್ನೂ ಹೊರಡುತ್ತಿರುವ ಗ್ಯಾಸಿನ ಜತೆ ಘಮವೂ ಏರ್‌ಲಾಕ್‌ನಿಂದ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ, ಮುಚ್ಚಳದ ಮೇಲಿನ ನೀರಿನ ಕೊಳವೆ) ಹೊರಗೆ ಹೋಗುತ್ತದೆ. ಕೋಣೆ ತುಂಬ ಒಳ್ಳೆಯ ವಾಸನೆ ಬಂದರೆ ಅಷ್ಟು ಬಿಯರ್‌ನಲ್ಲಿ ಉಳಿದಿಲ್ಲ ಅಂತಲೇ ಲೆಕ್ಕ. ಯೀಸ್ಟ್ ತಳಕ್ಕೆ ಕೂರುವಾಗಲೂ ಎಣ್ಣೆಯನ್ನು ಮೈಗೆ ಅಂಟಿಸಿಕೊಂಡೇ ಕೂರುತ್ತದೆ. ಇರುವುದು 100 ಗ್ರಾಂ. ಅದರಲ್ಲಿ ಕಳೆದುಕೊಳ್ಳುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಗಾಳಿಗೆ ಬೇರೆ ಉಪಾಯ ಇದೆ. ಮುಂದಿನ ಸಲ ಹಾಪ್ಸ್ ಚೀಲದೊಳಗೆ ಸ್ಟೀಲ್ ಹೊದಿಕೆಯ ಒಂದು ಅಯಸ್ಕಾಂತ ಇಡು, ಬಕೆಟ್ ಹೊರಗಿನಿಂದ ಇನ್ನೊಂದು. ಯೀಸ್ಟ್ ಹಾಕುವ ದಿನವೇ ಚೀಲವನ್ನು ಒಳಗೋಡೆಗೆ, ಬಿಯರ್‌ಗಿಂತ ಎತ್ತರದಲ್ಲಿ, ನೊರೆ ತಾಗದ ಕಡೆ ನಿಲ್ಲಿಸು. ಹುದುಗು ಮುಗಿದಾಗ ಹೊರಗಿನ ಅಯಸ್ಕಾಂತ ಕಿತ್ತರೆ ಚೀಲ ತಾನಾಗಿ ಕೆಳಗೆ ಬೀಳುತ್ತದೆ. ಮುಚ್ಚಳ ತೆಗೆಯುವ ಪ್ರಶ್ನೆಯೇ ಇಲ್ಲ.

ಈ ಸಲ ಮುಚ್ಚಳ ತೆಗೆಯಲೇಬೇಕು. ಪೆಲೆಟ್ ಮೊದಲೇ ಅಳೆದು ರೆಡಿ ಇಟ್ಟುಕೋ. ಮುಚ್ಚಳ ಒಂದು ಬದಿ ಮಾತ್ರ ಎತ್ತಿ ಸುರಿದು ಕೂಡಲೇ ಮುಚ್ಚು. ಕಲಕಬೇಡ.

ಪೆರ್ಲದ ಹುಡುಗ

ಅಣ್ಣ, ಹಾಗಾದರೆ ಮುಗಿದಿದೆ ಅಂತ ತಿಳಿಯುವುದು ಹೇಗೆ? ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತರೆ ಸಾಕಾ?

ಹೊಸೂರು ಬ್ರೂವರ್

ಸಾಲದು. ಮುಚ್ಚಳದ ಅಂಚಿನಲ್ಲಿ ಸಣ್ಣ ಸಂದಿ ಇದ್ದರೂ ಗುಳ್ಳೆ ನಿಲ್ಲುತ್ತದೆ. ಸೆಕೆ ಏರಿದರೆ, ಏನೂ ಹುದುಗದಿದ್ದರೂ ಗುಳ್ಳೆ ಬರುತ್ತದೆ. ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ ಒಂದನ್ನೇ ನಂಬು. 48 ಗಂಟೆ ಬಿಟ್ಟು ಎರಡು ಸಲ ನೋಡು. ಎರಡೂ ಒಂದೇ ಬಂದರೆ ಮುಗಿದಿದೆ. 1.052ರಲ್ಲಿ ಶುರುವಾದದ್ದು 1.010–1.012ರ ಹತ್ತಿರ ನಿಲ್ಲಬಹುದು. ಆಗ ಹಾಪ್ಸ್ ಹಾಕು.

ಇನ್ನು ಮುಂದಿನದು ಬಾಟಲಿಗೆ ತುಂಬಿಸುವವರೆಲ್ಲ ಗಮನವಿಟ್ಟು ಓದಬೇಕು. ಈ ಇಡೀ ಚರ್ಚೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ.

ಹಾಪ್ಸ್ ಹಾಕಿದ ಮೇಲೆ, ನಿಂತಿದ್ದ ಗ್ರಾವಿಟಿ ಮತ್ತೆ ಇಳಿಯುತ್ತದೆ. ಇದಕ್ಕೆ ಹಾಪ್ ಕ್ರೀಪ್ ಅಂತ ಹೆಸರು. ಹಾಪ್ಸ್ ಹೂವಿನಲ್ಲೂ ಪಿಷ್ಟ ಒಡೆಯುವ ಕಿಣ್ವಗಳಿವೆ. ಯೀಸ್ಟ್‌ಗೆ ತಿನ್ನಲಾಗದೆ ಬಿಯರ್‌ನಲ್ಲಿ ಉಳಿದಿದ್ದ ಡೆಕ್ಸ್‌ಟ್ರಿನ್ ಅನ್ನು ಅವು ತುಂಡು ಮಾಡಿ ಸಕ್ಕರೆ ಮಾಡುತ್ತವೆ. ಮಲಗಿದ್ದ ಯೀಸ್ಟ್ ಎದ್ದು ಮತ್ತೆ ಕೆಲಸ ಶುರು ಮಾಡುತ್ತದೆ. ನಿನ್ನ 1.012 ಕೆಲವು ದಿನದಲ್ಲಿ 1.009 ಆಗಬಹುದು.

ಮೂರು ಪಾಯಿಂಟ್ ತಾನೇ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡು. ಗ್ರಾವಿಟಿ ಒಂದು ಪಾಯಿಂಟ್ ಇಳಿದರೆ ಸುಮಾರು ಅರ್ಧ ವಾಲ್ಯೂಮ್ ಗ್ಯಾಸ್ ಹುಟ್ಟುತ್ತದೆ (ಒಂದು ವಾಲ್ಯೂಮ್ ಅಂದರೆ ಒಂದು ಲೀಟರ್ ಬಿಯರ್‌ನಲ್ಲಿ ಒಂದು ಲೀಟರ್ ಗ್ಯಾಸ್). ಪೇಲ್ ಏಲ್‌ಗೆ ಬೇಕಾದದ್ದು 2.4 ವಾಲ್ಯೂಮ್. 20 ಲೀಟರಿಗೆ 120 ಗ್ರಾಂ ಸಕ್ಕರೆ ಹಾಕಿ ಬಾಟಲಿ ಮುಚ್ಚಿದರೆ ಅಲ್ಲಿಗೆ ಬರುತ್ತದೆ. ಆಮೇಲೆ ಬಾಟಲಿಯೊಳಗೆ ಆ ಮೂರು ಪಾಯಿಂಟ್ ಇಳಿದರೆ ಮೇಲಿಂದ 1.5 ಸೇರಿ 4ರ ಹತ್ತಿರ ಹೋಗುತ್ತದೆ. ಸಾಮಾನ್ಯ ಬಿಯರ್ ಬಾಟಲಿ ತಡೆಯುವ ಒತ್ತಡ ಅದಲ್ಲ. ಗಾಜು ಸಿಡಿದರೆ ಕಣ್ಣಿಗೇ ಅಪಾಯ.

ಕೆಗ್ ಇರುವವರು ತಣ್ಣಗೆ ಇಟ್ಟು ತಣ್ಣಗೇ ಕುಡಿಯುತ್ತಾರೆ, ಅವರಿಗೆ 2 ದಿನ ಸಾಕು ಅನ್ನುವುದು ಸರಿ. ನೀನು 31 ಡಿಗ್ರಿಯಲ್ಲಿ ಬಾಟಲಿ ಜೋಡಿಸಿಡುವವನು. ಸೆಕೆ ಜಾಸ್ತಿಯಾದಷ್ಟು ಕಿಣ್ವವೂ ಯೀಸ್ಟೂ ಚುರುಕು. ಆದ್ದರಿಂದ ಹಾಪ್ಸ್ ಹಾಕಿದ ಮೇಲೆ 19 ಡಿಗ್ರಿಯಲ್ಲೇ ಮೂರು ದಿನ ಬಿಡು, ಗ್ರಾವಿಟಿ ನೋಡು. ಇಳಿದಿದ್ದರೆ ಮತ್ತೆ ನಿಲ್ಲುವ ತನಕ ಕಾಯಬೇಕು. ಎರಡು ದಿನ ಒಂದೇ ಅಂಕಿ ಬಂದ ಮೇಲೆ ತಣ್ಣಗೆ ಮಾಡಿ ಬಾಟಲಿಗೆ ತುಂಬಿಸು. ಐದು ದಿನವಾದರೂ ಆಗಲಿ. ಒಂಚೂರು ಹುಲ್ಲಿನ ವಾಸನೆ ಬಂದರೂ ಪರವಾಗಿಲ್ಲ, ಬಾಟಲಿ ಸಿಡಿಯಬಾರದು.

ಕುಂಬಳೆ ಮಾಷ್

ಕೆಮಿಸ್ಟ್ರಿ ಕಲಿಸಿ ರಿಟೈರ್ ಆದವನು ನಾನು. ಹೊಸೂರಿನವರು ಹೇಳಿದ ವಿಷಯ ಹೊಸತಲ್ಲ ಮಾರಾಯ್ರೇ. 1893ರಲ್ಲೇ ಹೊರೇಸ್ ಬ್ರೌನ್ ಮತ್ತು ಮಾರಿಸ್ ಅನ್ನುವ ಇಬ್ಬರು ಇಂಗ್ಲೆಂಡಿನಲ್ಲಿ ಇದರ ಬಗ್ಗೆ ಪ್ರಬಂಧ ಬರೆದಿದ್ದಾರೆ. ಪೀಪಾಯಿಗೆ ಒಣ ಹಾಪ್ಸ್ ಹಾಕಿದರೆ ಬಿಯರ್ ಮತ್ತೆ ಯಾಕೆ ಹುದುಗುತ್ತದೆ ಅಂತ ಹುಡುಕಿ, ಹೂವಿನಲ್ಲೇ ಕಿಣ್ವ ಇದೆ ಅಂತ ತೋರಿಸಿದರು. ಆಮೇಲೆ ಬಹಳ ಕಾಲ ಅದು ಯಾರಿಗೂ ನೆನಪಿರಲಿಲ್ಲ. ಈಚೆಗೆ ಅಮೆರಿಕದವರು ಲೀಟರಿಗೆ ಇಷ್ಟಿಷ್ಟು ಹಾಪ್ಸ್ ಸುರಿಯಲು ಶುರು ಮಾಡಿದ ಮೇಲೆ ಪುನಃ ಎದುರಿಗೆ ಬಂತು.

ಲಂಡನ್ನಿನ ಬೋ ಬ್ರೂವರಿಯಿಂದ ಹಾಡ್ಜ್‌ಸನ್ ಕಂಪನಿಯವರು ಬೊಂಬಾಯಿಗೆ, ಮದ್ರಾಸಿಗೆ ಕಳಿಸುತ್ತಿದ್ದ ಪೇಲ್ ಏಲ್ ಪೀಪಾಯಿಗಳಲ್ಲೂ ಒಣ ಹಾಪ್ಸ್ ಇರುತ್ತಿತ್ತು. ತಿಂಗಳುಗಟ್ಟಲೆ ಹಡಗಿನಲ್ಲಿ ಬಂದ ಮೇಲೂ ಬಿಯರ್ ನೊರೆನೊರೆಯಾಗಿ ಇದ್ದದ್ದರಲ್ಲಿ ಈ ಕಿಣ್ವಗಳ ಪಾಲೂ ಇದ್ದೀತು ಅಂತ ನನಗೆ ಕಾಣುತ್ತದೆ. ಇಲ್ಲಿ ಕುಂಬಳೆಯ ಕಡಲ ಬದಿಯಲ್ಲಿ ಕೂತು ಆ ಹಡಗುಗಳ ಯೋಚನೆ ಮಾಡುವುದೇ ನನಗೊಂದು ಸಂತೋಷ.

ತಮ್ಮ, ಇನ್ನೊಂದು ಪರೀಕ್ಷೆಯೂ ಮಾಡು. ಪುನಃ ಹುದುಗಿದರೆ ಡೈಅಸಿಟೈಲ್ ಹುಟ್ಟಬಹುದು, ಅದರದ್ದು ಬೆಣ್ಣೆ ವಾಸನೆ. ಹುಟ್ಟುವ ಮೊದಲು ಅದರ ಮೂಲ ವಸ್ತುವಿಗೆ ವಾಸನೆ ಇರುವುದಿಲ್ಲ, ಬಾಟಲಿಯಲ್ಲಿ ಆಮೇಲೆ ಎದ್ದು ಬರುತ್ತದೆ. ಅದಕ್ಕೆ ಎರಡು ಲೋಟದಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ತೆಗೆದು ಮುಚ್ಚು. ಒಂದನ್ನು 60–65 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆ ಇಡು, ಇನ್ನೊಂದನ್ನು ಹಾಗೇ ಬಿಡು. ಬಿಸಿ ಮಾಡಿದ್ದು ತಣಿದ ಮೇಲೆ ಎರಡನ್ನೂ ಮೂಸಿ ನೋಡು. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ವಾಸನೆ ಬಂದರೆ ಇನ್ನೂ ಎರಡು ದಿನ ಕಾಯಬೇಕು. ಯೀಸ್ಟೇ ಅದನ್ನು ತಿಂದು ಮುಗಿಸುತ್ತದೆ.

ಪೆರ್ಲದ ಹುಡುಗ

ಮಾಷೇ, ತುಂಬಾ ಉಪಕಾರ. ಬೆಣ್ಣೆ ವಾಸನೆಯ ಪರೀಕ್ಷೆ ಗೊತ್ತೇ ಇರಲಿಲ್ಲ. ಚೀಲದ ವಿಷಯ ಯಾರಾದರೂ ಹೇಳಿ.

ಅಕ್ಕಲಕೋಟೆಯಿಂದ

ಹಾಪ್ ಕ್ರೀಪ್ ಬಗ್ಗೆ ಹೊಸೂರು ಅಣ್ಣ ಹೇಳಿದ್ದು ಕೇಳಿದ ಮೇಲೆ ಬಾಟಲಿಯವರಿಗೆ ಅವರ ದಾರಿಯೇ ಸರಿ ಅನ್ನಿಸುತ್ತದೆ. ಆದರೂ ಗಾಳಿಯ ಬಗ್ಗೆ ನನ್ನ ಮಾತು ಬಿಡುವುದಿಲ್ಲ. ತಣ್ಣಗೆ ಮಾಡುವಾಗ ಏರ್‌ಲಾಕ್ ಹಾಗೇ ಬಿಡಬ್ಯಾಡ. ಬಕೆಟ್ ತಣಿದಂತೆ ಒಳಗಿನ ಗ್ಯಾಸ್ ಕುಗ್ಗಿ ಹೊರಗಿನ ಗಾಳಿಯನ್ನೂ ಏರ್‌ಲಾಕ್‌ನ ನೀರನ್ನೂ ಎಳೆದುಕೊಳ್ಳುತ್ತದೆ. ಹುದುಗು ಜೋರಾಗಿದ್ದಾಗಲೇ ಒಂದು ಬಲೂನಿನಲ್ಲಿ ಗ್ಯಾಸ್ ತುಂಬಿಸಿಟ್ಟುಕೊಂಡು, ತಣ್ಣಗೆ ಮಾಡುವಾಗ ಅದನ್ನೇ ಏರ್‌ಲಾಕ್ ಜಾಗದಲ್ಲಿ ಕೂರಿಸು.

ಚೀಲದ ವಿಷಯ: ನನ್ನ ಓಟು ಸುಮ್ನೆ ಸುರಿಯುವುದಕ್ಕೇ. ಪೆಲೆಟ್ ನೀರು ಕುಡಿದು ಉಬ್ಬುತ್ತದೆ. ಚೀಲ ಬಿಗಿಯಾಗಿದ್ದರೆ ನಡುವಿನ ಪುಡಿ ಒಣಗಿದ್ದು ಒಣಗಿದಂತೆಯೇ ಉಳಿಯುತ್ತದೆ. ಸುರಿದರೆ ಏನಾಗುತ್ತದೆ ಹೇಳುತ್ತೇನೆ. ಪೆಲೆಟ್ ಒಂದೊಂದಾಗಿ ಒಡೆದು ಹಸಿರು ಪುಡಿಯಾಗುತ್ತದೆ. ಮೇಲೆ ಒಂದು ದಪ್ಪ ಪದರ ಕಟ್ಟುತ್ತದೆ, ಅದರ ಬಿರುಕಿನಿಂದ ಗುಳ್ಳೆ ಏಳುತ್ತಿರುತ್ತದೆ. ನೋಡಿದರೆ ಬಿಯರ್ ಕೆಟ್ಟಿತು ಅನ್ನಿಸಬೇಕು, ಹಾಗೆ ಇರುತ್ತದೆ. ಕೆಟ್ಟಿಲ್ಲ. ಒಂದೆರಡು ದಿನದಲ್ಲಿ ಪದರ ಒಡೆದು ಚೂರು ಚೂರಾಗಿ ಕೆಳಗಿಳಿಯುತ್ತದೆ. ಆಮೇಲೆ 2–4 ಡಿಗ್ರಿಗೆ ತಂದು ಎರಡು ದಿನ ಇಟ್ಟರೆ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಸೈಫನ್ (ಬಿಯರ್ ಎಳೆದು ಇಳಿಸುವ ಕೊಳವೆ) ತುದಿಗೆ ಕುದಿಸಿದ ತೆಳು ಬಟ್ಟೆ ಕಟ್ಟಿದರೆ ಸಾಕು, ಬಾಟಲಿಗೆ ಸೊಪ್ಪು ಬರುವುದಿಲ್ಲ.

ಸುರಿಯುವಾಗ ಹುಷಾರು. ಬಿಯರ್‌ನಲ್ಲಿ ಕರಗಿದ ಗ್ಯಾಸ್ ಇರುತ್ತದೆ. ಪೆಲೆಟ್ ಬಿದ್ದ ಕೂಡಲೇ ಅದೆಲ್ಲ ಒಮ್ಮೆಗೇ ಎದ್ದು ಹಸಿರು ನೊರೆ ಉಕ್ಕಿ ಬರಬಹುದು. ಬಕೆಟ್ ಮೇಲೆ ನಾಲ್ಕು ಬೆರಳಾದರೂ ಖಾಲಿ ಇರಬೇಕು. ಮೊದಲು ಒಂದು ಹಿಡಿ ಹಾಕಿ ಅರ್ಧ ನಿಮಿಷ ನೋಡಿ ಉಳಿದದ್ದು ಹಾಕು.

ಹಾಪ್ಸ್ ಕುದಿಸಿ ಶುದ್ಧ ಮಾಡುವ ಕೆಲಸ ಬೇಡ. ಬ್ಯಾಕ್ಟೀರಿಯಾ ತಡೆಯುವ ಗುಣ ಅದಕ್ಕೇ ಇದೆ, ಅಷ್ಟು ಹೊತ್ತಿಗೆ ಬಿಯರ್‌ನಲ್ಲಿ ಆಲ್ಕೋಹಾಲೂ ಇರುತ್ತದೆ. ಪ್ಯಾಕೆಟ್ ಕತ್ತರಿಸುವ ಕತ್ತರಿ, ಬಟ್ಟಲು, ಕೈ, ಇಷ್ಟನ್ನು ಸ್ಯಾನಿಟೈಸ್ ಮಾಡು.

ಬದಿಯಡ್ಕ ತೋಟ

ನಾನು ಬಿಯರ್ ಕುಡಿಯುವವನಲ್ಲ, ಆದರೆ ಓದುತ್ತಾ ಕೂತೆ. ಅಡಿಕೆಗೆ ಹಳದಿ ರೋಗ, ಕೊಳೆ ರೋಗ ಅಂತ ತಲೆಬಿಸಿಯಲ್ಲಿರುವವರು ನಾವು. ಈ ಹಾಪ್ಸ್ ಬಳ್ಳಿ ಅಂತೆ. ಅಡಿಕೆ ಮರಕ್ಕೆ ಕಾಳುಮೆಣಸಿನ ಬದಲು ಹಬ್ಬಿಸಬಹುದಾ? ಮತ್ತೆ, ಆಲ್ಕೋಹಾಲ್ ಇಲ್ಲದೆ ಹಾಪ್ಸ್‌ನ ಸೋಡಾ ಮಾಡುತ್ತಾರಂತೆ, ನಿಜವಾ?

ಕುಂಬಳೆ ಮಾಷ್

ಭಾವ, ಬಳ್ಳಿ ಹಬ್ಬುತ್ತದೆ, ಹೂ ಬಿಡುವುದು ಕಷ್ಟ. ಹಾಪ್ಸ್‌ಗೆ ಬೇಸಗೆಯಲ್ಲಿ ಉದ್ದ ಹಗಲು ಬೇಕು, ಚಳಿಗಾಲದಲ್ಲಿ ಒಳ್ಳೆಯ ಚಳಿಯೂ ಬೇಕು. ಜರ್ಮನಿಯ ಹಾಲೆರ್ಟಾವ್, ಅಮೆರಿಕದ ಯಾಕಿಮಾ ಕಣಿವೆ ಎರಡೂ ಅಂಥ ಜಾಗಗಳೇ. ನಮ್ಮ ಕಾಸರಗೋಡಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಸಿದ್ದಾರೆ, ಅದು ಹಿಮ ಬೀಳುವ ಊರು. ಫ್ಲೋರಿಡಾದಲ್ಲಿ ರಾತ್ರಿ ದೀಪ ಹಾಕಿ ಹಗಲನ್ನು ಉದ್ದ ಮಾಡಿ ಬೆಳೆಸುವ ಪ್ರಯೋಗ ನಡೆದಿದೆ. ಆ ಕರೆಂಟ್ ಬಿಲ್ಲು ನಮ್ಮ ತೋಟಕ್ಕೆ ಕಟ್ಟುವುದಿಲ್ಲ. ಕಾಳುಮೆಣಸನ್ನು ಕೀಳಬೇಡಿ.

ಸೋಡಾ ನಿಜ. ಅದರಲ್ಲಿ ಯೀಸ್ಟ್ ಇಲ್ಲ, ಸಕ್ಕರೆ ಇಲ್ಲ, ಹಾಗಾಗಿ ಆಲ್ಕೋಹಾಲೂ ಇಲ್ಲ. ಕುದಿಸಿ ತಣಿಸಿದ ನೀರಿಗೆ ಮೊದಲು ನಿಂಬೆ ಹಿಂಡಬೇಕು, ನಾಲಿಗೆಗೆ ಸರಿಯಾಗಿ ಹುಳಿ ತಿಳಿಯುವಷ್ಟು. ಹುಳಿ ಇದ್ದರೆ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಹಾಪ್ಸ್‌ನ ಕಹಿಯೂ ಒರಟಾಗುವುದಿಲ್ಲ. ಆಮೇಲೆ ಲೀಟರಿಗೆ ಒಂದೂವರೆ ಗ್ರಾಂ ಪೆಲೆಟ್ ಹಾಕಿ ಫ್ರಿಜ್‌ನಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ. ಕುಡಿಯುವಾಗ ಸೋಡಾ ಸೇರಿಸಿ. ಫ್ರಿಜ್‌ನಲ್ಲೇ ಇಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಸಿಟ್ರಾ ಹಾಕಿದರೆ ಗಜನಿಂಬೆಯ ಸಿಪ್ಪೆ ಗೀರಿದ ಹಾಗೆ ಘಮ ಬರುತ್ತದೆ.

ಮಡಕಶಿರಾ ಪಶುವೈದ್ಯೆ

ಮನೆಯಲ್ಲಿ ನಾಯಿ ಇರುವವರು ದಯವಿಟ್ಟು ಇದನ್ನು ಓದಿ. ಹಾಪ್ಸ್ ನಾಯಿಗೆ ವಿಷ. ಹೊಸ ಪೆಲೆಟ್ ಆಗಲಿ, ಬಳಸಿ ಬಿಟ್ಟ ಚರಟ ಆಗಲಿ, ಎರಡೂ ಅಪಾಯ. ತಿಂದ ಕೆಲವು ಗಂಟೆಯಲ್ಲಿ ಮೈ ಬಿಸಿ ಏರುತ್ತಾ ಹೋಗುತ್ತದೆ, ಏದುಸಿರು ಬರುತ್ತದೆ, ಎದೆಬಡಿತ ಜೋರಾಗುತ್ತದೆ. ತಡಮಾಡಿದರೆ ಜೀವ ಉಳಿಯುವುದಿಲ್ಲ. ಬಿಯರ್ ಚರಟಕ್ಕೆ ಮಾಲ್ಟಿನ ಸಿಹಿ ವಾಸನೆ ಇರುವುದರಿಂದ ನಾಯಿ ತಾನಾಗಿ ಹೋಗಿ ನೆಕ್ಕುತ್ತದೆ. ಗೊಬ್ಬರದ ಗುಂಡಿಗೆ ಮೇಲಿಂದ ಮೇಲೆ ಎಸೆಯಬೇಡಿ. ಆಳವಾಗಿ ಹೂತುಬಿಡಿ ಅಥವಾ ಕಟ್ಟಿ ಕಸಕ್ಕೆ ಕೊಡಿ. ನಾಯಿ ತಿಂದದ್ದು ಕಂಡರೆ ಲಕ್ಷಣ ಬರಲಿ ಅಂತ ಕಾಯದೆ ಕೂಡಲೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸೋಡಾ ಮಾಡುವವರೂ ಸೋಸಿದ ಸೊಪ್ಪನ್ನು ಅಂಗಳಕ್ಕೆ ಚೆಲ್ಲಬಾರದು.

ಬದಿಯಡ್ಕ ತೋಟ

ಒಳ್ಳೆಯದು ಹೇಳಿದಿರಿ ಅಕ್ಕ. ನಮ್ಮಲ್ಲಿ ಎರಡು ನಾಯಿ ಇವೆ. ಬಟ್ಟೆ ಸಮೇತ ಕಟ್ಟಿ ಹೂಳುತ್ತೇನೆ. ಮಾಷೇ, ಉಳಿದ ಪೆಲೆಟ್ ಎಷ್ಟು ದಿನ ಇರುತ್ತದೆ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಕಥೆ ಗೊತ್ತಲ್ಲ.

ಹೊಸೂರು ಬ್ರೂವರ್

ಇದಕ್ಕೆ ನಾನು ಹೇಳುತ್ತೇನೆ. ಪ್ಯಾಕೆಟ್‌ನ ಗಾಳಿ ಒತ್ತಿ ತೆಗೆದು, ಬಾಯಿ ಮಡಚಿ, ಟೇಪ್ ಹಾಕಿ ಫ್ರೀಜರ್‌ನಲ್ಲಿಡಿ. ಕರೆಂಟ್ ಅರ್ಧ ದಿನ ಹೋದರೂ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಏನೂ ಆಗುವುದಿಲ್ಲ. ಹಾಪ್ಸ್ ಕೆಡುವುದು ಗಾಳಿಗೆ, ಸೆಕೆಗೆ. ಬಳಸುವ ಮೊದಲು ಎರಡು ಪೆಲೆಟ್ ಅಂಗೈಯಲ್ಲಿ ಉಜ್ಜಿ ಮೂಸಿ. ಹಣ್ಣಿನ ಘಮ, ಪೈನ್ ಮರದ ಘಮ ಬಂದರೆ ಸರಿ. ಹಳೇ ಚೀಸಿನ ವಾಸನೆ ಬಂದರೆ, ಬಣ್ಣ ಹಸಿರು ಹೋಗಿ ಕಂದಾಗಿದ್ದರೆ ಎಸೆದುಬಿಡಿ. ಡ್ರೈ ಹಾಪ್‌ನಲ್ಲಿ ಕುದಿಸುವುದೇ ಇಲ್ಲವಲ್ಲ, ಹಾಪ್ಸ್‌ನಲ್ಲಿ ಇದ್ದ ವಾಸನೆಯೇ ಲೋಟಕ್ಕೆ ಬರುತ್ತದೆ.

ಪೆರ್ಲದ ಹುಡುಗ

1.012ಕ್ಕೆ ಬಂದು ನಿಂತ ಹಾಗೆ ಕಾಣುತ್ತಿದೆ. 48 ಗಂಟೆ ಆಗಲಿ ಅಂತ ಕಾಯುತ್ತಿದ್ದೇನೆ. ಕೊನೆಯದಾಗಿ, ಸಿಟ್ರಾ ಮತ್ತು ಮೊಸಾಯಿಕ್ ಎರಡನ್ನೂ ಒಟ್ಟಿಗೇ ಹಾಕುವುದಾ, ಬೇರೆ ಬೇರೆ ದಿನವಾ?

ಹೊಸೂರು ಬ್ರೂವರ್

ಒಟ್ಟಿಗೇ ಹಾಕು. ಎರಡು ಸಲ ಹಾಕಿದರೆ ಮುಚ್ಚಳ ಎರಡು ಸಲ ತೆಗೆಯಬೇಕು, ಅಕ್ಕಲಕೋಟೆ ಅಣ್ಣ ಬೈಯುತ್ತಾರೆ. ಹಾಕಿದ ದಿನದ ಗ್ರಾವಿಟಿ ಬರೆದಿಡು, ಮೂರನೇ ದಿನದ್ದು ಇಲ್ಲಿ ಹಾಕು. ಎಷ್ಟು ಇಳಿದಿದೆ ನೋಡಿ ಬಾಟಲಿಗೆ ಎಷ್ಟು ಸಕ್ಕರೆ ಅಂತ ಆಗ ಲೆಕ್ಕ ಹಾಕೋಣ.